ನೋವಿನ ಗುಳಗಿ ನುಂಗಿದರೆ 72 ತಾಸಿನ ಗುಳಗಿ ಕೆಡುತ್ತದೆಯೇ?

ತುರ್ತು ಗರ್ಭನಿರೋಧಕ ಗುಳಗಿ ತೆಗೆದುಕೊಂಡ ಮರುದಿನ ಕೆಲವರಿಗೆ ತಲೆ ಸಿಡಿಯುತ್ತದೆ, ಕಿಬ್ಬೊಟ್ಟೆ ಹಿಂಡುತ್ತದೆ, ಸ್ತನ ಬಿಗಿದು ನೋಯುತ್ತದೆ. ಮನೆಯಲ್ಲಿ ಪ್ಯಾರಾಸಿಟಮಾಲ್ ಇದ್ದರೂ ಮುಟ್ಟುವ ಧೈರ್ಯವಾಗುವುದಿಲ್ಲ. ಒಂದು ಗುಳಗಿ ಇನ್ನೊಂದನ್ನು ಕೆಡಿಸಿಬಿಟ್ಟರೆ ಎಂಬ ಭಯ. ಕೇಳೋಣವೆಂದರೆ ಹುಮನಾಬಾದಿನಲ್ಲಾಗಲಿ, ಬಸವಕಲ್ಯಾಣದಲ್ಲಾಗಲಿ ಮೆಡಿಕಲ್ ಅಂಗಡಿಯ ಮುಂದೆ ಪಕ್ಕದಲ್ಲಿ ನಿಂತವರು ನಮ್ಮ ಓಣಿಯವರೇ ಆಗಿರುತ್ತಾರೆ. ಹಾಗಾಗಿ ಹೆಣ್ಣುಮಕ್ಕಳು ಹಲ್ಲು ಕಚ್ಚಿ ನೋವು ತಿನ್ನುತ್ತಾರೆ. ಆ ನೋವು ತಿನ್ನಬೇಕಾದ ಅಗತ್ಯವೇ ಇಲ್ಲ.

ನಂಬಿಕೆ: ನೋವಿನ ಗುಳಗಿ ತುರ್ತು ಗುಳಗಿಯ ಶಕ್ತಿಯನ್ನು ಕುಗ್ಗಿಸುತ್ತದೆ.

ಸತ್ಯ: ಕುಗ್ಗಿಸುವುದಿಲ್ಲ. ಐ-ಪಿಲ್, ಅನ್‌ವಾಂಟೆಡ್-72, ಸರ್ಕಾರದ ಈಜಿ ಪಿಲ್ ಎಲ್ಲದರಲ್ಲೂ ಇರುವುದು ಒಂದೇ ಔಷಧಿ, 1.5 ಮಿಲಿಗ್ರಾಂ ಲೆವೊನೊರ್ಜೆಸ್ಟ್ರೆಲ್. ಅಂಡಾಶಯದಿಂದ ಅಂಡ ಬಿಡುಗಡೆಯಾಗುವುದನ್ನು ಮುಂದೂಡುವುದು ಅದರ ಕೆಲಸ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್‌ನಂಥವು ನೋವು ಹುಟ್ಟಿಸುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಡೆಯುತ್ತವೆ. ಪ್ಯಾರಾಸಿಟಮಾಲ್ ಆಗಲಿ, ಇವಾಗಲಿ ಲೆವೊನೊರ್ಜೆಸ್ಟ್ರೆಲ್ ದೇಹದಲ್ಲಿ ಬೇಗ ಕರಗಿಹೋಗುವಂತೆ ಮಾಡುವುದಿಲ್ಲ. ಎರಡನ್ನೂ ಒಂದೇ ದಿನ, ಬೇಕಿದ್ದರೆ ಒಂದೇ ಹೊತ್ತಿಗೆ ತೆಗೆದುಕೊಳ್ಳಬಹುದು.

ಅಚ್ಚರಿಯೆಂದರೆ, ಒಂದು ಅಧ್ಯಯನದಲ್ಲಿ ಫಲ ಸಿಕ್ಕಿದ್ದು ಈ ಭಯಕ್ಕೆ ತೀರಾ ವಿರುದ್ಧವಾಗಿ. 2023ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಹಾಂಗ್‌ಕಾಂಗ್‌ನ ಅಧ್ಯಯನವದು. ಅರ್ಧದಷ್ಟು ಮಹಿಳೆಯರಿಗೆ ಲೆವೊನೊರ್ಜೆಸ್ಟ್ರೆಲ್ ಜೊತೆ 40 ಮಿಲಿಗ್ರಾಂ ಪಿರಾಕ್ಸಿಕಾಮ್ ಎಂಬ ನೋವುನಿವಾರಕ ಕೊಟ್ಟರು, ಉಳಿದವರಿಗೆ ಅದರ ಬದಲು ಔಷಧಿಯಿಲ್ಲದ ಗುಳಗಿ. ಒಂದೊಂದು ಗುಂಪಿನಲ್ಲಿ 418 ಮಂದಿ. ನೋವುನಿವಾರಕ ಪಡೆದವರಲ್ಲಿ ಗರ್ಭ ನಿಂತದ್ದು ಒಬ್ಬರಿಗೆ, ಇನ್ನೊಂದು ಗುಂಪಿನಲ್ಲಿ ಏಳು ಜನರಿಗೆ. ಇದನ್ನೋದಿ ಪಿರಾಕ್ಸಿಕಾಮ್ ಕೊಳ್ಳಲು ಓಡಬೇಡಿ. ಹೊಟ್ಟೆಯ ಹುಣ್ಣು, ರಕ್ತಸ್ರಾವದ ಅಪಾಯವಿರುವ ಔಷಧಿಯದು, ವೈದ್ಯರೇ ಹೇಳಬೇಕು. ಬರೀ ನೋವುನಿವಾರಕದಿಂದ ಗರ್ಭ ತಡೆಯಲೂ ಆಗದು.

ನಂಬಿಕೆ: ಹಾಗಾದರೆ ಯಾವ ಔಷಧಿಯೂ ಅಡ್ಡಿಯಿಲ್ಲ.

ಸತ್ಯ: ಇದೆ, ಮತ್ತು ನಿಜವಾಗಿ ಎಚ್ಚರ ಬೇಕಾದದ್ದು ಇಲ್ಲೇ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್, ಎಚ್‌ಐವಿಗೆ ಬಳಸುವ ಎಫವಿರೆಂಜ್ ಇವು ಯಕೃತ್ತನ್ನು ಚುರುಕುಗೊಳಿಸಿ ತುರ್ತು ಗುಳಗಿಯನ್ನು ಬೇಗನೆ ಕರಗಿಸಿಬಿಡುತ್ತವೆ. ಇದರಲ್ಲೊಂದು ಸೂಕ್ಷ್ಮವಿದೆ. ಮುಖದಲ್ಲಿ ಮಿಂಚು ಹೊಡೆದಂತೆ ಬರುವ ನರದ ನೋವಿಗೂ ವೈದ್ಯರು ಕಾರ್ಬಮಜೆಪಿನ್ ಬರೆಯುತ್ತಾರೆ. ಮನೆಯವರ ಪಾಲಿಗೆ ಅದೂ ‘ನೋವಿನ ಗುಳಗಿ’ಯೇ. ಆದ್ದರಿಂದ ಹೆಸರು ಗೊತ್ತಿಲ್ಲದಿದ್ದರೆ ಗುಳಗಿಯ ಪಟ್ಟಿಯನ್ನೇ ಒಯ್ದು ವೈದ್ಯರಿಗೆ ತೋರಿಸಿ. ಈ ಔಷಧಿಗಳನ್ನು ನಿಲ್ಲಿಸಿ ನಾಲ್ಕು ವಾರ ಆಗುವವರೆಗೂ ಅವುಗಳ ಪ್ರಭಾವ ಉಳಿದಿರುತ್ತದೆ. ಇಂಥವರಿಗೆ ಸಂಭೋಗವಾದ ಐದು ದಿನದೊಳಗೆ ಹಾಕಿಸುವ ಕಾಪರ್-ಟಿ ಎಲ್ಲಕ್ಕಿಂತ ಭದ್ರ. ಅದಾಗದಿದ್ದರೆ ವೈದ್ಯರು ಗುಳಗಿಯ ಪ್ರಮಾಣವನ್ನು ಎರಡು ಪಟ್ಟು ಮಾಡಬಹುದು. ಭಯಬಿದ್ದು ಕ್ಷಯದ ಅಥವಾ ಮೂರ್ಛೆಯ ಗುಳಗಿ ಬಿಡುವುದು ಮಾತ್ರ ಬೇಡವೇ ಬೇಡ.

ನಂಬಿಕೆ: ಒಂದು ನೋವಿನ ಗುಳಗಿ ಅಷ್ಟೇ ತಾನೆ, ಯಾವುದಾದರೇನು?

ಸತ್ಯ: ಸಾಮಾನ್ಯ ತಲೆನೋವು, ಹೊಟ್ಟೆನೋವಿಗೆ 500 ಅಥವಾ 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸಾಕು. ಎರಡು ಗುಳಗಿಗಳ ನಡುವೆ ನಾಲ್ಕರಿಂದ ಆರು ತಾಸು ಬಿಡಿ, ದಿನಕ್ಕೆ 4 ಗ್ರಾಂ ದಾಟಿಸಬೇಡಿ. ನೆಗಡಿಯ ಎಷ್ಟೋ ಗುಳಗಿಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಯಕೃತ್ತಿನ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು. ಅಲ್ಸರ್, ಮೂತ್ರಪಿಂಡದ ತೊಂದರೆ, ನೋವಿನ ಗುಳಗಿಯಿಂದ ಕೆರಳುವ ಅಸ್ತಮಾ ಇದ್ದವರು ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಿಂದ ದೂರವಿರಬೇಕು. ಮುಟ್ಟಿನ ನೋವಿಗೆಂದು ಸಲೀಸಾಗಿ ಸಿಗುವ ಮೆಫ್ಟಾಲ್‌ನಲ್ಲಿರುವ ಮೆಫೆನಾಮಿಕ್ ಆಸಿಡ್ ಬಗ್ಗೆ ಭಾರತೀಯ ಫಾರ್ಮಾಕೋಪಿಯಾ ಆಯೋಗ 2023ರ ನವೆಂಬರ್‌ನಲ್ಲಿ ಎಚ್ಚರಿಸಿತ್ತು. ಅಪರೂಪವಾದರೂ ಜ್ವರ, ಮೈತುಂಬ ದದ್ದು ಎದ್ದು ಒಳಗಿನ ಅಂಗಗಳಿಗೆ ಪೆಟ್ಟು ಬೀಳುವ ತೀವ್ರ ಅಲರ್ಜಿ ಅದರಿಂದಾಗಬಹುದು.

ಖಾಲಿ ಹೊಟ್ಟೆಯಲ್ಲಿ ನೋವಿನ ಗುಳಗಿ ನುಂಗಿದರೆ ವಾಂತಿ ಬರಬಹುದು. ಸಾಮಾನ್ಯ ನೋವಿನ ಗುಳಗಿ ತುರ್ತು ಗುಳಗಿಗೆ ತೊಂದರೆ ಮಾಡುವ ದಾರಿ ಇದೊಂದೇ. ತುರ್ತು ಗುಳಗಿ ನುಂಗಿದ ಎರಡು ತಾಸಿನೊಳಗೆ ವಾಂತಿಯಾದರೆ ಇನ್ನೊಂದು ತೆಗೆದುಕೊಳ್ಳಬೇಕು. ಒಂದಿಷ್ಟು ರೊಟ್ಟಿ, ಮೊಸರನ್ನ ತಿಂದು ನೋವಿನ ಗುಳಗಿ ನುಂಗಿದರೆ ಈ ಪೇಚಿಲ್ಲ.

ನಂಬಿಕೆ: 72 ತಾಸು ಇದೆಯಲ್ಲ, ನಾಳೆ ನೋಡಿದರಾಯಿತು.

ಸತ್ಯ: ಸಂಭೋಗದ ನಂತರ ತಾಸು ಕಳೆದಂತೆ ಗುಳಗಿಯ ಫಲ ಇಳಿಯುತ್ತದೆ. ಮೆಡಿಕಲ್‌ನಲ್ಲಿ ಇದಕ್ಕೆ ಚೀಟಿ ಬೇಕಿಲ್ಲ, ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು. ಇದು ಗರ್ಭಪಾತದ ಗುಳಗಿಯಲ್ಲ. ಅದು ಬೇರೆ, ವೈದ್ಯರ ಕೈಯಲ್ಲೇ ನಡೆಯಬೇಕಾದದ್ದು.

ಮುಟ್ಟು ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಗರ್ಭ ಪರೀಕ್ಷೆ ಮಾಡಿಕೊಳ್ಳಿ. ತುರ್ತು ಗುಳಗಿ ತೆಗೆದುಕೊಂಡು ಮೂರರಿಂದ ಐದು ವಾರದ ಹೊತ್ತಿಗೆ ಕಿಬ್ಬೊಟ್ಟೆಯಲ್ಲಿ, ಅದರಲ್ಲೂ ಒಂದೇ ಬದಿಗೆ ಜೋರು ನೋವು ಬಂದು, ತಲೆ ಸುತ್ತಿದರೆ, ರಕ್ತ ಹೋದರೆ ಅದಕ್ಕೆ ನೋವಿನ ಗುಳಗಿ ಮದ್ದಲ್ಲ. ಗರ್ಭಕೋಶದ ಹೊರಗೆ ಗರ್ಭ ನಿಂತಿರಬಹುದು. ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು, ಗುಳಗಿ ತೆಗೆದುಕೊಂಡ ದಿನವನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.