ಹರಾಜಿನ ಬೆಲೆಯೂ ವಸ್ತುವಿನ ಮೌಲ್ಯವೂ

ಒಂದು ವಸ್ತುವಿನ ಬೆಲೆ ಎಷ್ಟೆಂದು ಕೇಳಿದರೆ ಅಂಗಡಿಯವನು ಲೆಕ್ಕಹಾಕಿ ಹೇಳಬಲ್ಲನು. ಸಾಮಗ್ರಿಗೆ ಇಷ್ಟು, ಕೂಲಿಗೆ ಇಷ್ಟು, ಸಾಗಣೆಗೆ ಇಷ್ಟು, ತನ್ನ ಲಾಭಕ್ಕೆ ಇಷ್ಟು ಎಂದು ಕೂಡಿಸಿದರೆ ಮೊತ್ತವು ತಾನಾಗಿಯೇ ಬರುವುದು. ಅಕ್ಕಿ, ಬಟ್ಟೆ, ಪಾತ್ರೆಗಳ ವಿಷಯದಲ್ಲಿ ಈ ಲೆಕ್ಕವು ಬಹುಮಟ್ಟಿಗೆ ಸರಿ. ಆದರೆ ಈ ಲೆಕ್ಕಕ್ಕೆ ಸಿಕ್ಕದ ಕೆಲವು ವಸ್ತುಗಳೂ ಲೋಕದಲ್ಲಿ ಉಂಟು. ಲಂಡನ್ನು, ಪ್ಯಾರಿಸ್ಸು, ನ್ಯೂಯಾರ್ಕುಗಳ ಹರಾಜು ಮಂದಿರಗಳಲ್ಲಿ ಒಂದು ಹಳೆಯ ಅಂಚೆಚೀಟಿಯೋ, ಒಂದು ಕುರ್ಚಿಯೋ, ಒಂದು ಕತ್ತಿಯೋ ಕೋಟ್ಯಂತರ ಹಣಕ್ಕೆ ಮಾರಾಟವಾಯಿತೆಂದು ಪತ್ರಿಕೆಗಳಲ್ಲಿ ಓದುತ್ತೇವೆ. ಓದಿ ಕೆಲವರು ಬೆರಗಾಗುವರು. ಕೆಲವರು ಸಿರಿವಂತರ ಹುಚ್ಚೆಂದು ನಕ್ಕು ಪುಟವನ್ನು ಮಗುಚುವರು. ಬೆರಗಿನಿಂದಾಗಲಿ ನಗೆಯಿಂದಾಗಲಿ ವಿಷಯವು ತಿಳಿಯುವುದಿಲ್ಲ. ಅಂಥ ಬೆಲೆ ಹೇಗೆ ಹುಟ್ಟುತ್ತದೆ, ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದನ್ನು ವಿಚಾರಿಸುವುದೇ ಇಂದಿನ ಈ ಭಾಷಣದ ಉದ್ದೇಶ.

ಮೊದಲು ಒಂದು ಅಂಚೆಚೀಟಿಯ ಚರಿತ್ರೆಯನ್ನು ನೋಡೋಣ. ದಕ್ಷಿಣ ಅಮೆರಿಕದ ಉತ್ತರ ಕರಾವಳಿಯಲ್ಲಿ ಈಗ ಗಯಾನ ಎನಿಸಿಕೊಂಡಿರುವ ದೇಶವು ಹಿಂದೆ ಬ್ರಿಟಿಷ್ ಗಯಾನ ಎಂಬ ವಸಾಹತಾಗಿತ್ತು. ಅಲ್ಲಿಗೆ ಬೇಕಾದ ಅಂಚೆಚೀಟಿಗಳು ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದುವು. 1856ರಲ್ಲಿ ಆ ಸರಕು ಸಕಾಲಕ್ಕೆ ಬಾರದೆ ಹೋಯಿತು. ಅಂಚೆಯ ಮುಖ್ಯಾಧಿಕಾರಿಯು ಬೇರೆ ದಾರಿ ಕಾಣದೆ, ಜಾರ್ಜ್‌ಟೌನಿನಲ್ಲಿ ಸರ್ಕಾರದ ಗೆಜೆಟ್ಟನ್ನು ಮುದ್ರಿಸುತ್ತಿದ್ದವರಿಗೇ ಕೆಲವು ಚೀಟಿಗಳನ್ನು ಅಚ್ಚುಮಾಡಿಕೊಡುವಂತೆ ಹೇಳಿದನು. ಅವರು ಕೆನ್ನೇರಿಳೆ ಬಣ್ಣದ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಒಂದು ಹಡಗಿನ ಚಿತ್ರವನ್ನು ಒತ್ತಿ ಕೊಟ್ಟರು. ಖೋಟಾ ಚೀಟಿ ಹುಟ್ಟದಿರಲೆಂದು ಅಂಚೆಮನೆಯ ಗುಮಾಸ್ತರು ಒಂದೊಂದರ ಮೇಲೂ ತಮ್ಮ ಹೆಸರಿನ ಮೊದಲಕ್ಷರಗಳನ್ನು ಬರೆದು ಮಾರಿದರು.

ಈ ಚೀಟಿಗಳಲ್ಲಿ 4 ಸೆಂಟಿನವು ಕಾಗದಗಳಿಗೆ, 1 ಸೆಂಟಿನವು ವೃತ್ತಪತ್ರಿಕೆಗಳಿಗೆ ಮೀಸಲು. ಕಾಗದವನ್ನು ಜನರು ಪೆಟ್ಟಿಗೆಯಲ್ಲಿ ಜೋಪಾನಮಾಡುವರು. ಪತ್ರಿಕೆಯ ಮೇಲಿನ ಹೊದಿಕೆಯನ್ನು ಯಾರು ಜೋಪಾನಮಾಡುವರು? 4 ಸೆಂಟಿನ ಚೀಟಿಗಳು ಹಲವು ಉಳಿದುವು. 1 ಸೆಂಟಿನವು ಕಸದೊಡನೆ ಕಸವಾಗಿ ಹೋಗಿ ಒಂದೇ ಒಂದು ಉಳಿಯಿತು. 1873ರಲ್ಲಿ ವರ್ನಾನ್ ವಾನ್ ಎಂಬ 12 ವರ್ಷದ ಹುಡುಗನು ತನ್ನ ಮನೆತನದ ಹಳೆಯ ಕಾಗದಗಳ ನಡುವೆ ಅದನ್ನು ಕಂಡನು. ಯಾರೋ ಅದರ ನಾಲ್ಕು ಮೂಲೆಗಳನ್ನೂ ಕತ್ತರಿಸಿ ಎಂಟು ಮೂಲೆ ಮಾಡಿದ್ದರು. ನೋಟಕ್ಕೆ ಅಂದವಿಲ್ಲ, ಸಂಗ್ರಾಹಕರ ಪಟ್ಟಿಯಲ್ಲಿ ಹೆಸರೂ ಇಲ್ಲ. ಹುಡುಗನು ಅದನ್ನು 6 ಷಿಲ್ಲಿಂಗುಗಳಿಗೆ ಮಾರಿದನು.

ಮುಂದೆ ಈ ಚೀಟಿಯು ಕೈಯಿಂದ ಕೈಗೆ ಹೋಯಿತು. ಫೆರಾರಿ ಎಂಬ ಮಹಾಸಂಗ್ರಾಹಕನು ಅದನ್ನು ಕೊಂಡು, ಬರ್ಲಿನ್ನಿನ ಅಂಚೆ ವಸ್ತುಸಂಗ್ರಹಾಲಯಕ್ಕೆ ಸೇರಬೇಕೆಂದು ಮರಣಶಾಸನ ಬರೆದು 1917ರಲ್ಲಿ ತೀರಿಕೊಂಡನು. ಅದು ಮಹಾಯುದ್ಧದ ಕಾಲ. ಫ್ರಾನ್ಸಿನ ಸರ್ಕಾರವು ಅವನ ಸಂಗ್ರಹವನ್ನು ವಶಪಡಿಸಿಕೊಂಡು ಹರಾಜು ಹಾಕಿತು. 1922ರಲ್ಲಿ ಆರ್ಥರ್ ಹಿಂಡ್ ಎಂಬ ಅಮೆರಿಕದ ಕೈಗಾರಿಕೋದ್ಯಮಿಯು ಸುಮಾರು 36,000 ಡಾಲರುಗಳಿಗೆ ಚೀಟಿಯನ್ನು ಪಡೆದನು. 1970ರಲ್ಲಿ ಬೆಲೆ 2,80,000 ಡಾಲರು; 1980ರಲ್ಲಿ 9,35,000 ಡಾಲರು. ಆಗ ಅದನ್ನು ಕೊಂಡ ಜಾನ್ ಡುಪಾಂಟ್ ಎಂಬ ಧನಿಕನು ಮುಂದೆ ಕೊಲೆಯ ಅಪರಾಧಕ್ಕೆ ಗುರಿಯಾಗಿ 2010ರಲ್ಲಿ ಸೆರೆಮನೆಯಲ್ಲಿಯೇ ಸತ್ತನು. 2014ರಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಪಾದರಕ್ಷೆಗಳ ವಿನ್ಯಾಸಗಾರನಾದ ಸ್ಟುಅರ್ಟ್ ವೈಟ್ಸ್‌ಮನ್ನನು ಅದಕ್ಕೆ 94,80,000 ಡಾಲರುಗಳನ್ನು ತೆತ್ತನು. ಒಂದು ಅಂಚೆಚೀಟಿಗೆ ಅಷ್ಟು ಹಣವು ಅದುವರೆಗೆ ಎಂದೂ ಬಂದಿರಲಿಲ್ಲ.

ಈ ಬೆಲೆಗೆ ಕಾರಣವೇನು? ಪ್ರಾಚೀನತೆಯೆ? ಅಲ್ಲ. ಲೋಕದ ಮೊಟ್ಟಮೊದಲ ಅಂಚೆಚೀಟಿಯಾದ ಪೆನ್ನಿ ಬ್ಲಾಕ್ 1840ರದು, ಇದಕ್ಕಿಂತ 16 ವರ್ಷ ಹಳೆಯದು. ಆದರೆ ಅದು ಸುಮಾರು 6 ಕೋಟಿ 80 ಲಕ್ಷ ಅಚ್ಚಾಗಿ, ಇಂದಿಗೂ ಸಾಧಾರಣ ಸಂಗ್ರಾಹಕನ ಕೈಗೆ ಎಟಕುವಂತಿದೆ. ಸೌಂದರ್ಯವೆ? ಅದೂ ಅಲ್ಲ. ಅಮೆರಿಕದಲ್ಲಿ 1918ರಲ್ಲಿ ವಿಮಾನದ ಚಿತ್ರವು ತಲೆಕೆಳಗಾಗಿ ಅಚ್ಚಾದ 100 ಚೀಟಿಗಳು ಹೊರಬಿದ್ದುವು. ಸರಿಯಾಗಿ ಅಚ್ಚಾದವುಗಳಿಗೆ ಇಲ್ಲದ ಬೆಲೆ ಆ ತಪ್ಪು ಚೀಟಿಗಳಿಗೆ ಬಂದಿತು. ಹಾಗಾದರೆ ವಿರಳತೆಯೇ ಕಾರಣವೆನ್ನೋಣವೆ? ಅದು ಅರ್ಧ ಉತ್ತರ ಮಾತ್ರ. ನಮ್ಮ ನಿಮ್ಮ ಅಜ್ಜಂದಿರು ಬರೆದ ಕಾಗದಗಳಲ್ಲಿ ಪ್ರತಿಯೊಂದೂ ಲೋಕದಲ್ಲಿ ಒಂದೇ ಒಂದು. ಆದರೂ ಅವನ್ನು ಕೊಳ್ಳಲು ಯಾರೂ ಬರುವುದಿಲ್ಲ. ವಸ್ತು ಒಂದೇ ಇದ್ದರೆ ಸಾಲದು. ಅದು ತನಗೇ ಬೇಕೆನ್ನುವವರು ಇಬ್ಬರಾದರೂ ಇರಬೇಕು.

ಈ ಇಬ್ಬರ ಮಾತೇ ಹರಾಜಿನ ಮರ್ಮ. ಹರಾಜುಗಾರನು ಕೂಗುತ್ತಾನೆ, ಸವಾಲು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಒಬ್ಬೊಬ್ಬರೇ ಹಿಂಜರಿಯುತ್ತಾರೆ, ಕಡೆಗೆ ಇಬ್ಬರು ಉಳಿಯುತ್ತಾರೆ. ಅವರಲ್ಲಿ ಒಬ್ಬನು ಸುಮ್ಮನಾದ ಕ್ಷಣದಲ್ಲಿ ಸುತ್ತಿಗೆ ಬೀಳುತ್ತದೆ. ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಗೆದ್ದವನು ಎಷ್ಟು ಕೊಡಲು ಸಿದ್ಧನಾಗಿದ್ದನೆಂಬುದು ಯಾರಿಗೂ ತಿಳಿಯುವುದಿಲ್ಲ. ಸೋತವನು ಎಲ್ಲಿ ನಿಂತನೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಬೆಲೆ ನಿಲ್ಲುತ್ತದೆ. ಅಂದರೆ ಬೆಲೆಯನ್ನು ನಿರ್ಣಯಿಸುವವನು ಗೆದ್ದವನಲ್ಲ, ಸೋತವನು. ಆ ದಿನ ಅವನಿಗೆ ಜ್ವರ ಬಂದು ಮಂದಿರಕ್ಕೆ ಬಾರದಿದ್ದರೆ, ಅದೇ ವಸ್ತು ಅರ್ಧ ಬೆಲೆಗೆ ಹೋಗಬಹುದಾಗಿತ್ತು. ಪತ್ರಿಕೆಗಳು ದಾಖಲೆಯ ಬೆಲೆ ಎಂದು ಸಾರುವುದು ಲೋಕದ ತೀರ್ಪಲ್ಲ. ಒಂದು ಮಧ್ಯಾಹ್ನ ಇಬ್ಬರು ವ್ಯಕ್ತಿಗಳ ನಡುವೆ ನಡೆದ ಹಟದ ಫಲ. ಮೇಲಾಗಿ, ಮಂದಿರದವರು ಕೊಂಡವನಿಂದ ಪಡೆಯುವ ಶುಲ್ಕವೂ ಆ ಮೊತ್ತದಲ್ಲಿ ಸಾಮಾನ್ಯವಾಗಿ ಸೇರಿರುತ್ತದೆ.

ಹಟಕ್ಕೆ ಆಧಾರವಾಗಿ ನಂಬಿಕೆಯೊಂದು ಬೇಕು. ವಸ್ತುವು ನಿಜವಾದುದೆ, ಯಾರಿಂದ ಯಾರಿಗೆ ಬಂದಿತು ಎಂಬುದಕ್ಕೆ ಎಡೆಬಿಡದ ಸರಪಣಿ ಇರಬೇಕು. ಭೂಮಿಯ ಕ್ರಯಪತ್ರಗಳ ಹಾಗೆಯೇ ಇದು. ನಮ್ಮ ಚೀಟಿಯ ಹಿಂಬದಿಯಲ್ಲಿ ಹಲವು ಒಡೆಯರು ತಂತಮ್ಮ ಗುರುತುಗಳನ್ನು ಒತ್ತಿದ್ದಾರೆ. ಕಡೆಯದಾಗಿ ವೈಟ್ಸ್‌ಮನ್ನನು ಒಂದು ಎತ್ತರದ ಹಿಮ್ಮಡಿಯ ಪಾದರಕ್ಷೆಯ ಚಿತ್ರವನ್ನು ಸೇರಿಸಿದನು. ಬೇರೆ ಚೀಟಿಯ ಮೇಲೆ ಇಂಥ ಗೀಚು ಬಿದ್ದರೆ ಬೆಲೆ ಕೆಡುವುದು. ಇದರ ಮೇಲೆ ಅದೇ ವಂಶಾವಳಿಯಾಯಿತು.

ಅಂಚೆಚೀಟಿಯನ್ನು ಬಿಟ್ಟು ಇನ್ನು ಬಳಕೆಯ ವಸ್ತುವೊಂದಕ್ಕೆ ಬರೋಣ. 2009ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನಲ್ಲಿ, ಪ್ರಸಿದ್ಧ ಉಡುಪುಗಾರನಾದ ಈವ್ ಸ್ಯಾನ್ ಲೊರಾನನ ಸಂಗ್ರಹವು ಹರಾಜಿಗೆ ಬಂದಿತು. ಅದರಲ್ಲಿ ಒಂದು ತೋಳುಕುರ್ಚಿ. ಚರ್ಮದ ಮೆತ್ತೆ, ಎರಡು ಪಕ್ಕಗಳಲ್ಲಿ ಅರಗಿನ ಮೆರುಗುಳ್ಳ ಮರದಲ್ಲಿ ಕಡೆದ ಸರ್ಪಾಕೃತಿಗಳು. ಲೋಕವೆಲ್ಲ ಹಣದ ಮುಗ್ಗಟ್ಟಿನಲ್ಲಿದ್ದ ವರ್ಷವದು. 20ರಿಂದ 30 ಲಕ್ಷ ಯೂರೋ ಬರಬಹುದೆಂದು ಅಂದಾಜಾಗಿದ್ದ ಆ ಕುರ್ಚಿ 2,19,05,000 ಯೂರೋಗಳಿಗೆ ಹೋಯಿತು. ಅದನ್ನು ರಚಿಸಿದವಳು ಐರ್ಲೆಂಡಿನಲ್ಲಿ 1878ರಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬಾಳಿದ ಐಲೀನ್ ಗ್ರೇ. ಸುಗವಾರ ಎಂಬ ಜಪಾನೀ ಕುಶಲಿಯಿಂದ ಆಕೆ ಅರಗಿನ ಕೆಲಸವನ್ನು ಕಲಿತಳು. ಪದರದ ಮೇಲೆ ಪದರ ಬಳಿದು, ಒಣಗಿಸಿ, ಉಜ್ಜಿ, ತಿಂಗಳುಗಟ್ಟಲೆ ಕಾದು ಮಾಡತಕ್ಕ ಕೆಲಸವದು. ಮಧ್ಯವಯಸ್ಸಿನ ಮೇಲೆ ಲೋಕವು ಆಕೆಯನ್ನು ಬಹುಮಟ್ಟಿಗೆ ಮರೆತಿತು. 1972ರಲ್ಲಿ ಆಕೆಯ ಒಂದು ತೆರೆಯು ಪ್ಯಾರಿಸ್ಸಿನ ಹರಾಜಿನಲ್ಲಿ ಗಮನ ಸೆಳೆದ ಮೇಲೆ ಹೆಸರು ಮತ್ತೆ ಕೇಳಿಬಂದಿತು. ಆಗ ಆಕೆಗೆ 90 ದಾಟಿತ್ತು. 1976ರಲ್ಲಿ ತೀರಿಕೊಂಡಳು. ಕುರ್ಚಿಯ ಕುಶಲತೆಯು ಆಕೆ ಮರೆವಿಗೆ ಸಂದಿದ್ದಾಗಲೂ ಅಷ್ಟೇ ಇತ್ತು, ಕೋಟಿಗಳಿಗೆ ಮಾರಾಟವಾದಾಗಲೂ ಅಷ್ಟೇ ಇತ್ತು. ಬದಲಾದದ್ದು ನೋಡುವವರ ಕಣ್ಣು.

ಮೂರನೆಯ ಉದಾಹರಣೆಯು ನಮ್ಮ ನಾಡಿಗೆ ಸಂಬಂಧಪಟ್ಟದ್ದು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಮಂದಿರದಲ್ಲಿ ಟೀಪು ಸುಲ್ತಾನನ ಶಯ್ಯಾಗೃಹದ ಕತ್ತಿಯೆಂದು ಹೆಸರಾದ ಖಡ್ಗವು ಹರಾಜಾಯಿತು. 15ರಿಂದ 20 ಲಕ್ಷ ಪೌಂಡು ಬರಬಹುದೆಂದು ಮಂದಿರದವರು ಎಣಿಸಿದ್ದರು; ಬಂದದ್ದು 1,40,80,900 ಪೌಂಡು, ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಮೇಲ್ಪಟ್ಟು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಈ ಕತ್ತಿಯನ್ನು ಮುತ್ತಿಗೆಯ ನಾಯಕರಲ್ಲಿ ಒಬ್ಬನಾದ ಡೇವಿಡ್ ಬೇರ್ಡನಿಗೆ ಗೌರವಾರ್ಥವಾಗಿ ಒಪ್ಪಿಸಲಾಯಿತು. ಅದೇ ಬೇರ್ಡನು ಹಿಂದೆ ಅದೇ ಪಟ್ಟಣದಲ್ಲಿ ಮೂರು ವರ್ಷಗಳಿಗೂ ಮೀರಿ ಸೆರೆಯಲ್ಲಿದ್ದವನು. ಕೈಪಿಡಿಯ ಚಿನ್ನದ ಕೆಲಸವು ಸೊಗಸಾದುದೇ ಸರಿ. ಆದರೆ 140 ಕೋಟಿಯು ಚಿನ್ನಕ್ಕೆ ಸಂದದ್ದಲ್ಲ, ಉಕ್ಕಿಗೆ ಸಂದದ್ದಲ್ಲ. ಆ ಮೇ ತಿಂಗಳಿನ ದಿನಕ್ಕೆ ಸಂದದ್ದು. ಒಂದು ರಾಜ್ಯದ ಪತನವನ್ನು ನೆನಪಿಸುವ ಖಡ್ಗವು ಯಾರ ಬಳಿ ಇರಬೇಕು ಎಂಬ ಪ್ರಶ್ನೆಯನ್ನು ಹರಾಜುಗಾರನ ಸುತ್ತಿಗೆಯು ಕೇಳುವುದಿಲ್ಲ. ಯಾರ ಹಣ ಹೆಚ್ಚು ಎಂಬುದೊಂದೇ ಅದು ಕೇಳುವ ಪ್ರಶ್ನೆ.

ಇಷ್ಟು ದೊಡ್ಡ ಬೆಲೆಗಳನ್ನು ಕೇಳಿ, ಹಳೆಯ ವಸ್ತುಗಳನ್ನು ಕೂಡಿಹಾಕಿದರೆ ಹಣ ತಾನಾಗಿ ಬೆಳೆಯುವುದೆಂದು ಯಾರಾದರೂ ಭಾವಿಸಿದರೆ, ಅದೇ ಅಂಚೆಚೀಟಿಯ ಮುಂದಿನ ಕಥೆ ಅವರಿಗೆ ಪಾಠ. 2021ರಲ್ಲಿ ಅದು ಮತ್ತೆ ಹರಾಜಿಗೆ ಬಂದಾಗ ದೊರೆತದ್ದು 83,07,000 ಡಾಲರು. ಏಳು ವರ್ಷದ ಹಿಂದಿನದಕ್ಕಿಂತ 11,73,000 ಡಾಲರು ಕಡಿಮೆ. ವಸ್ತು ಅದೇ, ವಿರಳತೆ ಅದೇ, ಕೀರ್ತಿಯಂತೂ ಹೆಚ್ಚಿತ್ತು. ಹಟ ಮಾತ್ರ ಅಷ್ಟಿರಲಿಲ್ಲ. ಆ ಸಲ ಅದನ್ನು ಕೊಂಡ ಸ್ಟಾನ್ಲಿ ಗಿಬ್ಬನ್ಸ್ ಎಂಬ ಲಂಡನ್ನಿನ ವ್ಯಾಪಾರ ಸಂಸ್ಥೆಯು ಒಡೆತನವನ್ನು ಸಣ್ಣ ಸಣ್ಣ ಪಾಲುಗಳಾಗಿ ಜನರಿಗೆ ಮಾರಲು ತೊಡಗಿತು. ಅಂಥ ಪಾಲುಗಾರನು ಚೀಟಿಯನ್ನು ಮನೆಗೆ ತಂದು ದೀಪದ ಬೆಳಕಿನಲ್ಲಿ ನೋಡಿ ಸಂತೋಷಪಡುವಂತಿಲ್ಲ. ಬೆಲೆಯ ಏರಿಳಿತದಲ್ಲಿ ಮಾತ್ರ ಅವನು ಭಾಗಿ. ಸಂಗ್ರಹವೆಂಬ ಪ್ರೀತಿಯು ಅಲ್ಲಿಗೆ ಬರಿಯ ವ್ಯಾಪಾರವಾಗಿ ಮುಗಿಯಿತು.

ಹಾಗಾದರೆ ಬೆಲೆಯೂ ಮೌಲ್ಯವೂ ಒಂದೇ ಅಲ್ಲವೆಂಬುದು ಸ್ಪಷ್ಟವಾಯಿತಷ್ಟೆ. ಬೆಲೆಯು ಬಯಕೆಯನ್ನು ಅಳೆಯುತ್ತದೆ. ಅದೂ ಹಣವುಳ್ಳವರ ಬಯಕೆಯನ್ನು, ಅದೂ ಒಂದು ದಿನದ ಮಟ್ಟಿಗೆ. ಮೌಲ್ಯವೆಂಬುದು ಆ ವಸ್ತುವಿನಿಂದ ಎಷ್ಟು ಜನಕ್ಕೆ ಎಷ್ಟು ಕಾಲ ಏನು ತಿಳಿಯಿತು, ಏನು ಒದಗಿತು ಎಂಬುದು. ಇದಕ್ಕೆ ಸಾಕ್ಷಿಯು ಮೈಸೂರಿನಲ್ಲಿಯೇ ಇದೆ. ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ತಾಳೆಯೋಲೆಯ ಕಟ್ಟನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿಹೋಗಿದ್ದರು. ಅಲ್ಲಿ ಸುತ್ತಿಗೆಯ ಸದ್ದಿಲ್ಲ, ಸವಾಲಿಲ್ಲ, ಪತ್ರಿಕೆಯಲ್ಲಿ ಸುದ್ದಿಯಿಲ್ಲ. 1905ರಲ್ಲಿ ಗ್ರಂಥಪಾಲಕರಾದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು ಬಿಡಿಸಿ ಓದಿ, ಶತಮಾನಗಳಿಂದ ಹೆಸರು ಮಾತ್ರ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು; 1909ರಲ್ಲಿ ಅಚ್ಚುಮಾಡಿಸಿದರು. ಪ್ರಾಚೀನ ಭಾರತದ ರಾಜ್ಯಶಾಸ್ತ್ರವನ್ನು ಕುರಿತ ವಿದ್ವಾಂಸರ ಅಭಿಪ್ರಾಯವೇ ಅದರಿಂದ ಬದಲಾಯಿತು. ಆ ಓಲೆಗಳು ಅಂದು ಹರಾಜಿಗೆ ಹೋಗಿದ್ದರೆ ಬರಬಹುದಾಗಿದ್ದ ಬೆಲೆ ಅತ್ಯಲ್ಪ. ಏಕೆಂದರೆ ಅದು ಏನೆಂದು ತಿಳಿದ ಇಬ್ಬರು ಆಗ ಇರಲಿಲ್ಲ.

ಆದುದರಿಂದ, ಶ್ರೋತೃಗಳೇ, ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕಾಗದಗಳೋ ಓಲೆಗಳೋ ಹಿತ್ತಾಳೆಯ ಸಾಮಾನುಗಳೋ ಇದ್ದರೆ, ಅವು ಎಷ್ಟು ಬೆಲೆ ಬಾಳುವುವೆಂದು ಮೊದಲು ಕೇಳಬೇಡಿ. ಅವು ಏನು, ಯಾರು ಮಾಡಿದರು, ನಿಮ್ಮ ಮನೆಗೆ ಹೇಗೆ ಬಂದುವು ಎಂಬುದನ್ನು ತಿಳಿದ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಓದಬಲ್ಲವರಿಗೆ ಓಲೆಯನ್ನು ತೋರಿಸಿ. ಬ್ರಿಟಿಷ್ ಗಯಾನದಲ್ಲಿ ಅಂದು ಪತ್ರಿಕೆಯ ಹೊದಿಕೆಗಳನ್ನು ಕಸಕ್ಕೆ ಎಸೆದವರು ಮೂರ್ಖರಾಗಿರಲಿಲ್ಲ. ಅವರಿಗೆ ತಿಳಿಯುವ ಬಗೆಯಿರಲಿಲ್ಲ. ನಮಗೆ ಆ ನೆಪವಿಲ್ಲ.