ಮೊಟ್ಟೆಕೋಳಿಗಳೂ ಇಕ್ಕಟ್ಟಾದ ಪಂಜರಗಳೂ

ಹಳ್ಳಿಯ ಹಿತ್ತಲಿನ ನಾಟಿಕೋಳಿಯು ಬೆಳಗಾದೊಡನೆ ಮಕ್ಕರಿಯಿಂದ ಹೊರಬಿದ್ದು ತಿಪ್ಪೆಯನ್ನು ಕೆದಕುವುದನ್ನೂ, ಬಿಸಿಲೇರಿದಾಗ ಧೂಳಿನಲ್ಲಿ ಹೊರಳುವುದನ್ನೂ, ಮೊಟ್ಟೆಯಿಡುವ ಹೊತ್ತಿಗೆ ಮರೆಯಾದ ಮೂಲೆಯನ್ನು ಹುಡುಕುವುದನ್ನೂ, ಸಂಜೆಗೆ ಎತ್ತರವಾದ ಕಡೆ ಏರಿ ಕೂರುವುದನ್ನೂ ರೈತರೆಲ್ಲರೂ ಬಲ್ಲರು. ಸಾಕುಕೋಳಿಗಳಿಗೆ ಮೂಲವಾದ ಕೆಂಪು ಕಾಡುಕೋಳಿಯಿಂದಲೇ ಈ ನಾಲ್ಕು ಗುಣಗಳೂ ಬಂದಿರುತ್ತವೆ. ಹೆಚ್ಚು ಮೊಟ್ಟೆಗಾಗಿ ಬೆಳೆಸಿದ ಬಿಳಿಯ ಜಾತಿಗಳಲ್ಲಿಯೂ ಇವು ಅಳಿದಿಲ್ಲ. ಇಕ್ಕಟ್ಟಾದ ತಂತಿಯ ಪಂಜರದಲ್ಲಿ ಈ ನಾಲ್ಕರಲ್ಲಿ ಒಂದಕ್ಕೂ ಅವಕಾಶವಿರುವುದಿಲ್ಲ.

ಪಂಜರವು ಬಳಕೆಗೆ ಬಂದುದು ನಿಷ್ಕಾರಣವಾಗಿ ಅಲ್ಲ. ಹಿಕ್ಕೆಯು ತಂತಿಯ ಸಂದಿನಿಂದ ಕೆಳಗೆ ಬೀಳುವುದರಿಂದ ಜಂತುಹುಳುವಿನ ಬಾಧೆಯೂ, ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿಯೂ ಕಡಮೆಯಾಗುತ್ತವೆ. ಮೊಟ್ಟೆಯು ಇಳಿಜಾರಿನಲ್ಲಿ ಉರುಳಿ ಮುಂದಕ್ಕೆ ಬರುತ್ತದೆ. ಸ್ವಲ್ಪ ಜಾಗದಲ್ಲಿ ಬಹಳ ಕೋಳಿಗಳನ್ನು ಕೆಲವೇ ಆಳುಗಳಿಂದ ನೋಡಿಕೊಳ್ಳಬಹುದು. ಈ ಅನುಕೂಲಗಳೆಲ್ಲವೂ ಸಾಕುವವನಿಗೆ ದೊರೆತರೆ, ಅವುಗಳ ಬೆಲೆಯನ್ನು ತೆರುವುದು ಕೋಳಿಯ ದೇಹವಾಗಿರುತ್ತದೆ.

ಒಂದು ಚದರ ಅಡಿಯೆಂದರೆ ಸುಮಾರು 929 ಚದರ ಸೆಂಟಿಮೀಟರ್. ಸುಮ್ಮನೆ ನಿಂತಿರುವ ಕೋಳಿಗೇ ಸುಮಾರು 500 ಚದರ ಸೆಂಟಿಮೀಟರ್ ಜಾಗವು ಹಿಡಿಯುತ್ತದೆ. ಅದು ಸುತ್ತ ತಿರುಗಬೇಕಾದರೆ ಅದಕ್ಕಿಂತ ಬಹಳ ಹೆಚ್ಚೂ, ರೆಕ್ಕೆಗಳನ್ನು ಬಡಿಯಬೇಕಾದರೆ 2,000ದ ವರೆಗೂ ಬೇಕಾಗುತ್ತದೆ. ಹೀಗಿರುವಲ್ಲಿ, ತಲೆಯೊಂದಕ್ಕೆ 450 ಅಥವಾ 500 ಚದರ ಸೆಂಟಿಮೀಟರ್ ಮಾತ್ರ ಇರುವ ಪಂಜರದಲ್ಲಿ ಒಂದು ಕೋಳಿಯು ತಿರುಗಬೇಕಾದರೆ ಮತ್ತೊಂದು ಒತ್ತಿಕೊಂಡು ನಿಲ್ಲಬೇಕಲ್ಲದೆ ಬೇರೆ ಮಾರ್ಗವಿಲ್ಲ.

ಇದರ ಕೇಡು ಮೊದಲು ಮೂಳೆಗಳಲ್ಲಿ ಕಾಣುತ್ತದೆ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಸುಣ್ಣಾಂಶವಿರುತ್ತದೆ. ಕೋಳಿಯ ಇಡೀ ಮೈಯಲ್ಲಿರುವುದಾದರೋ ಸುಮಾರು 20 ಗ್ರಾಂ ಮಾತ್ರ. ಚಿಪ್ಪು ಬಲಿಯುವುದು ಹೆಚ್ಚಾಗಿ ರಾತ್ರಿಯಲ್ಲಿ, ಕೋಳಿಯು ಮೇವು ತಿನ್ನದಿರುವಾಗ. ಆದುದರಿಂದ ಮೇವಿನಲ್ಲಿ ಸಾಲದುದನ್ನು ಮೂಳೆಯಿಂದ ಎಳೆದುಕೊಳ್ಳಬೇಕಾಗುತ್ತದೆ. ನಡೆದಾಡುವ ಕೋಳಿಯ ಮೂಳೆಯು ವ್ಯಾಯಾಮದಿಂದ ಗಟ್ಟಿಯಾಗಿ ನಿಲ್ಲುತ್ತದೆ. ಚಲನೆಯಿಲ್ಲದ ಕೋಳಿಯ ಮೂಳೆಯು ಟೊಳ್ಳಾಗಿ, ಕೆಲವು ಕೋಳಿಗಳು ಕಾಲಿನ ಮೇಲೆ ನಿಲ್ಲಲಾರದೆ ಬೀಳುತ್ತವೆ. ಹಿಡಿದೆತ್ತಿದ ಮಾತ್ರಕ್ಕೆ ಮೂಳೆ ಮುರಿಯುವುದೂ ಉಂಟು. ಅಲ್ಲದೆ ಉಗುರುಗಳು ಸವೆಯದೆ ಉದ್ದವಾಗುತ್ತವೆ, ಗರಿಗಳು ತಂತಿಗೆ ಉಜ್ಜಿ ಉದುರುತ್ತವೆ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ; ಅದು ಬಾಯ್ದೆರೆದು ಏದುಸಿರಿನಿಂದಲೇ ಮೈಯನ್ನು ತಂಪುಮಾಡಿಕೊಳ್ಳತಕ್ಕದ್ದು. ಒತ್ತಾಗಿ ತುಂಬಿದ ಪಂಜರದಲ್ಲಿ ಗಾಳಿಯಾಡದೆ, ಬೇಸಗೆಯ ಮಧ್ಯಾಹ್ನಗಳಲ್ಲಿ ಸಾವುಗಳು ಹೆಚ್ಚುತ್ತವೆ.

ಈ ವಿಷಯದಲ್ಲಿ ಕಾನೂನೂ ಮೌನವಾಗಿಲ್ಲ. ಪ್ರಾಣಿಗಳು ಯುಕ್ತವಾಗಿ ಚಲಿಸುವುದಕ್ಕೆ ಸಾಲದಷ್ಟು ಕಿರಿದಾದ ಪಂಜರದಲ್ಲಿ ಅವನ್ನು ಇಡುವುದು 1960ರ ಪ್ರಾಣಿಹಿಂಸೆ ತಡೆಗಟ್ಟುವ ಅಧಿನಿಯಮದ 11ನೆಯ ಪ್ರಕರಣದಂತೆ ಅಪರಾಧವಾಗಿರುತ್ತದೆ. 2023ರಲ್ಲಿ ಹೊರಟ ಮೊಟ್ಟೆಕೋಳಿಗಳ ನಿಯಮಗಳು ಪ್ರತಿ ಕೋಳಿಗೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗವನ್ನು ಗೊತ್ತುಮಾಡಿವೆ. ಯೂರೋಪಿನ ಒಕ್ಕೂಟದ ದೇಶಗಳಲ್ಲಿ ಬರಿಯ ತಂತಿಯ ಪಂಜರಗಳು 2012ರ ಜನವರಿ 1ರಿಂದ ನಿಷಿದ್ಧವಾಗಿವೆ. ಅಲ್ಲಿ ಪಂಜರವನ್ನು ಇಟ್ಟುಕೊಳ್ಳುವವರು ತಲೆಗೆ 750 ಚದರ ಸೆಂಟಿಮೀಟರಿನೊಡನೆ ಗೂಡು, ಕೂರುವ ಕೋಲು, ಕೆದಕುವ ಹಾಸು ಇವುಗಳನ್ನೂ ಒದಗಿಸಬೇಕು.

ಕೆಲವು ನೂರು ಕೋಳಿಗಳನ್ನು ಸಾಕುವ ರೈತನಿಗೆ ಹಾಸಿನ ಕೊಟ್ಟಿಗೆಯೇ ಸುಲಭವಾದ ಮಾರ್ಗ. ನೆಲದ ಮೇಲೆ ಭತ್ತದ ಹೊಟ್ಟನ್ನಾಗಲಿ ಕಡಲೆಕಾಯಿಯ ಸಿಪ್ಪೆಯನ್ನಾಗಲಿ ದಪ್ಪವಾಗಿ ಹರಡಿ, ಕೋಳಿಯೊಂದಕ್ಕೆ 2 ಚದರ ಅಡಿಗೆ ಕಡಮೆಯಿಲ್ಲದಂತೆ ಜಾಗವನ್ನು ಬಿಡತಕ್ಕದ್ದು. ಐದು ಕೋಳಿಗಳಿಗೆ ಒಂದರಂತೆ ಮಬ್ಬುಬೆಳಕಿನ ಗೂಡುಗಳನ್ನೂ, ತಲೆಗೆ 15 ಸೆಂಟಿಮೀಟರ್ ಲೆಕ್ಕದಲ್ಲಿ ನಯವಾದ ಅಡ್ಡಕೋಲುಗಳನ್ನೂ ಇಡತಕ್ಕದ್ದು. ಕೋಲುಗಳು ಬಹಳ ಎತ್ತರವಾಗಿರಕೂಡದು. ಹಾರಿಳಿಯುವಾಗ ಎದೆಯ ಮೂಳೆಗೆ ಪೆಟ್ಟಾಗುತ್ತದೆ. ಒಂದು ಮೂಲೆಯಲ್ಲಿ ಒಣಮಣ್ಣನ್ನೂ ಬೂದಿಯನ್ನೂ ಇಟ್ಟರೆ ಕೋಳಿಗಳು ಹೊರಳಾಡಿ ಗರಿಗಳನ್ನು ಶುಚಿಯಾಗಿಟ್ಟುಕೊಳ್ಳುತ್ತವೆ.

ಆದರೆ ಪಂಜರವನ್ನು ಬಿಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಕೂಡದು. ಹಾಸು ಒದ್ದೆಯಾದರೆ ರಕ್ತಭೇದಿಯೂ, ಕಣ್ಣುರಿಸುವ ಅಮೋನಿಯದ ವಾಸನೆಯೂ ಹುಟ್ಟುತ್ತವೆ. ಆದುದರಿಂದ ಹಾಸನ್ನು ಆಗಾಗ ತಿರುವಿಹಾಕಿ, ನೀರಿನ ಪಾತ್ರೆಗಳ ಸುತ್ತ ಒದ್ದೆಯಾದುದನ್ನು ತೆಗೆದುಹಾಕಬೇಕು. ಮಂದೆಯು ಅತಿಯಾಗಿ ದೊಡ್ಡದಾದರೆ ಒಂದರ ಗರಿಯನ್ನು ಒಂದು ಕುಕ್ಕುವ ಚಾಳಿಯೂ ಬೆಳೆಯುತ್ತದೆ. ಸಾಲ ಮಾಡಿ ಈಗಾಗಲೇ ಪಂಜರಗಳನ್ನು ಕೊಂಡಿರುವವರು ಅವನ್ನು ಒಮ್ಮೆಗೇ ಬಿಸಾಡಲಾರರು. ಅಂಥವರು ಪಂಜರವೊಂದರಿಂದ ಒಂದೆರಡು ಕೋಳಿಗಳನ್ನಾದರೂ ತೆಗೆದು, ಹೊಸ ಮಂದೆಯನ್ನು ತರುವಾಗ ಕೊಟ್ಟಿಗೆಯನ್ನು ಸಿದ್ಧಪಡಿಸುವುದು ಲೇಸು.

ಸಾಕುವವನು ದಿನಕ್ಕೊಮ್ಮೆ ಮೊಟ್ಟೆಗಳನ್ನು ಎಣಿಸುವುದಕ್ಕೆ ಮುಂಚೆ ಕೋಳಿಗಳನ್ನು ನೋಡಲಿ. ಪ್ರತಿಯೊಂದು ಕೋಳಿಯೂ ಪಕ್ಕದ ಕೋಳಿಗೆ ತಾಗದೆ ಎದ್ದು ನಿಂತು, ಸುತ್ತ ತಿರುಗಿ, ಎರಡು ರೆಕ್ಕೆಗಳನ್ನೂ ಬಿಚ್ಚಬಲ್ಲುದೇ ಎಂಬುದೊಂದೇ ಪರೀಕ್ಷೆ ಸಾಕು. ಇದಕ್ಕೆ ಅಳತೆಗೋಲೂ ಬೇಡ, ಹಣವೂ ಬೇಡ. ಬಿಚ್ಚಲಾರದಾದರೆ ಅಲ್ಲಿ ಕೋಳಿಗಳು ಹೆಚ್ಚಾಗಿವೆಯೆಂದೇ ಅರ್ಥ.