ಡೈನಮೋ ದೊಡ್ಡದು, ವೈರು ಸಣ್ಣದು

ಪೂರಿಗಾಲಿಯ ನಮ್ಮ ಚಿಕ್ಕಪ್ಪನ ಟ್ರ್ಯಾಕ್ಟರ್ ರಾತ್ರಿಯೆಲ್ಲಾ ಕಬ್ಬಿನ ಲೋಡು ಹೊತ್ತು ಫ್ಯಾಕ್ಟರಿ ಕ್ಯೂನಲ್ಲಿತ್ತು. ಎಂಜಿನ್ ಸ್ಲೋನಲ್ಲಿ, ಲೈಟು, ಹಾಡು ಜೋರಾಗಿ. ಬೆಳಗಿನ ಜಾವ ಆಫ್ ಮಾಡಿದ್ದೇ ತಡ, ಮತ್ತೆ ಸೆಲ್ಫ್ ಎತ್ತಲೇ ಇಲ್ಲ. "ದೊಡ್ಡ ಡೈನಮೋ ಹಾಕುಸ್ಬುಡ್ತೀನಿ ಕಣ್ ಮಗ" ಅಂದ್ರು. ಆಲ್ಟರ್ನೇಟರ್‌ಗೆ ನಮ್ಮೂರಲ್ಲಿ ಇನ್ನೂ ಡೈನಮೋ ಅಂತಲೇ ಹೆಸರು.

ಲೆಕ್ಕ ಹಾಕಿದೆ. ಅದರಲ್ಲಿದ್ದದ್ದು 36 ಆಂಪಿಯರ್‌ನದು. 14 ವೋಲ್ಟ್‌ಗೆ ಗುಣಿಸಿದರೆ ಸುಮಾರು 500 ವ್ಯಾಟ್, ಅದೂ ಎಂಜಿನ್ ಜೋರಾಗಿ ತಿರುಗುವಾಗ. ಸ್ಲೋನಲ್ಲಿ ಅಷ್ಟು ಎಲ್ಲಿ ಬರುತ್ತೆ? ಹೆಡ್‌ಲೈಟು, ಎಲ್‌ಇಡಿ ಬಾರು, ಆಂಪ್ಲಿಫೈಯರ್ ಸೇರಿ 450 ವ್ಯಾಟ್ ಎಳೀತಿದ್ವು. ಕೊರತೆ ತುಂಬಿದ್ದು ಬ್ಯಾಟರಿ.

ಸರಿ, 90 ಆಂಪಿಯರ್‌ನದು ಬಂತು. ವೈರು ಮಾತ್ರ ಹಳೇದೇ, 6 ಚದರ ಮಿಲಿಮೀಟರಿನದು, 2 ಮೀಟರ್ ಉದ್ದ. ಬ್ಯಾಟರಿ ಖಾಲಿಯಾಗಿ 80 ಆಂಪಿಯರ್ ಹರಿದರೆ ಅದರಲ್ಲೇ ಅರ್ಧ ವೋಲ್ಟ್ ಹೋಗುತ್ತೆ, 40 ವ್ಯಾಟ್ ಬರೀ ಬಿಸಿ. ಮುಟ್ಟಿದೆ, ಕೈ ಸುಟ್ಟಿತು. ಹಿಂದೆ ಟ್ರೈಲರ್ ತುಂಬಾ ಒಣ ಸೋಗೆ! ನಿಜಕ್ಕೂ ಭಯ ಆಯ್ತು. 16 ಚದರ ಮಿಲಿಮೀಟರಿನ ತಾಮ್ರದ ವೈರು ಹಾಕಿಸಿ, ಬ್ಯಾಟರಿ ಹತ್ತಿರವೇ 100 ಆಂಪಿಯರ್ ಫ್ಯೂಸು ಕೂರಿಸಿದೆವು. ಅರ್ಥ್ ವೈರೂ ಅಷ್ಟೇ ದಪ್ಪ.

ಬೆಲ್ಟ್ ಕಥೆ ಬೇರೆ. 90 ಆಂಪಿಯರ್ ಕೊಡೋಕೆ, ನಷ್ಟ ಸೇರಿ, ಹತ್ತಿರಹತ್ತಿರ 3 ಎಚ್‌ಪಿ ಎಂಜಿನ್‌ನಿಂದ ಬೇಕು. ಸಡಿಲ ಬೆಲ್ಟ್ ಕಿರ್ರನೆ ಜಾರುತ್ತೆ.

ಎಂಜಿನ್ ಆಫ್ ಮಾಡಿದ ಮೇಲೆ ಯಾವ ಡೈನಮೋ ಏನು ಮಾಡೀತು ಅಂದಿದ್ದಕ್ಕೆ, ಚಿಕ್ಕಪ್ಪ ಈಗ ಕ್ಯೂನಲ್ಲಿ ಹಾಡನ್ನೂ ಆಫ್ ಮಾಡ್ತಾರೆ.